ಸಮತೆಯ ಶಾಸನಕ್ಕಾಗಿ ಶ್ರಮಿಸಿದ ಲಿಯರಿ ಕಾನ್‌ಸ್ಟಂಟೈನ್

ಕ್ರಿಕೆಟ್ ಆಟದ ಇತಿಹಾಸವನ್ನು ಬಲ್ಲ ಹಿರಿಯ ವಾಚಕರಿಗೆ ಲಿಯರಿ ಕಾನ್‌ಸ್ಟಂಟೈನರ ಹೆಸರು ಹೊಸದಲ್ಲ. ವೆಸ್ಟ್ ಇಂಡೀಸ್ ತಂಡಕ್ಕೆ ಲೋಕಖ್ಯಾತಿಯನ್ನು ಗಳಿಸಿಕೊಟ್ಟ ಮೊದಲ ಪೀಳಿಗೆಯ ಆಟಗಾರರಲ್ಲಿ ಅವರು ಅಗ್ರಗಣ್ಯರು. ಆದರೆ ಅವರ ಜೀವನದ ಮಹತ್ತ್ವವು ಆಟದ ಬಯಲಿನಲ್ಲಿಯೇ ಮುಗಿದುಹೋಗುವುದಿಲ್ಲ. ಮೈಬಣ್ಣವನ್ನು ನೋಡಿ ಮನುಷ್ಯನ ಮುಂದೆ ಬಾಗಿಲು ಮುಚ್ಚುವುದನ್ನು ನಿಷೇಧಿಸುವ ಯಾವ ಕಾನೂನೂ ಇಲ್ಲದಿದ್ದ ಕಾಲದ ಇಂಗ್ಲೆಂಡಿನಲ್ಲಿ ಅಂತಹ ಒಂದು ಕೃತ್ಯವನ್ನು ನ್ಯಾಯಾಸನದ ಮುಂದೆ ತಂದು ನಿಲ್ಲಿಸಿದವರು ಅವರು. ಇಪ್ಪತ್ತೆರಡು ವರ್ಷಗಳ ತರುವಾಯ, ಅದನ್ನೇ ನಿಷೇಧಿಸಿದ ಶಾಸನವನ್ನು ಜಾರಿಗೊಳಿಸುವ ಮಂಡಲಿಯಲ್ಲಿ ಸದಸ್ಯರಾಗಿ ಕುಳಿತವರೂ ಅವರೇ. ಕೀರ್ತಿವಂತನಾದ ಒಬ್ಬ ವ್ಯಕ್ತಿಗೆ ಸಲ್ಲುವ ಮರ್ಯಾದೆ ಬೇರೆ, ಒಂದು ಸಮುದಾಯಕ್ಕೆ ಕಾನೂನಿನಿಂದ ಲಭಿಸುವ ಹಕ್ಕು ಬೇರೆ. ಈ ಅಂತರವನ್ನು ಅವರಷ್ಟು ನಿಕಟವಾಗಿ ಅನುಭವಿಸಿದವರು ವಿರಳ.

ಲಿಯರಿ ನಿಕೊಲಸ್ ಕಾನ್‌ಸ್ಟಂಟೈನರು ೧೯೦೧ನೆಯ ಇಸವಿ ಸೆಪ್ಟೆಂಬರ್ ೨೧ರಂದು ಟ್ರಿನಿಡಾಡ್ ದ್ವೀಪದ ಪೆಟಿಟ್ ವ್ಯಾಲಿ ಎಂಬ ಗ್ರಾಮದಲ್ಲಿ ಜನಿಸಿದರು. ಆಗ ಆ ದ್ವೀಪವು ಬ್ರಿಟಿಷರ ವಸಾಹತಾಗಿದ್ದಿತು. ಆಫ್ರಿಕದಿಂದ ಸಂಕೋಲೆ ಹಾಕಿ ತಂದು ತೋಟಗಳಲ್ಲಿ ದುಡಿಸಲ್ಪಟ್ಟ ಗುಲಾಮರ ಸಂತತಿಯವರು ಅಲ್ಲಿ ಬಹುಸಂಖ್ಯೆಯಲ್ಲಿದ್ದರು. ಗುಲಾಮಗಿರಿ ರದ್ದಾದ ಮೇಲೆ, ೧೮೪೫ರಿಂದ ಮುಂದಕ್ಕೆ, ಕರಾರಿನ ಕೂಲಿಗಳಾಗಿ ನಮ್ಮ ದೇಶದಿಂದಲೂ ಸಹಸ್ರಾರು ಜನರು ಅಲ್ಲಿಗೆ ಹಡಗು ಹತ್ತಿದರು. ಕಾನ್‌ಸ್ಟಂಟೈನರ ಕುಟುಂಬವು ಗುಲಾಮರ ವಂಶಕ್ಕೆ ಸೇರಿದುದು. ತಂದೆ ಲೆಬ್ರನ್ ಕೋಕೋ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದರು. ತೋಟದ ಕೆಲಸದಲ್ಲಿದ್ದುಕೊಂಡೇ ಅವರು ಕ್ರಿಕೆಟ್ಟಿನಲ್ಲಿ ಪ್ರವೀಣರಾಗಿ, ೧೯೦೦ ಮತ್ತು ೧೯೦೬ರಲ್ಲಿ ಇಂಗ್ಲೆಂಡಿಗೆ ಹೋದ ತಂಡಗಳಲ್ಲಿ ಆಡಿದರು. ಇಂಗ್ಲೆಂಡಿನ ನೆಲದಲ್ಲಿ ನೂರು ಓಟಗಳನ್ನು ಗಳಿಸಿದ ಮೊದಲ ವೆಸ್ಟ್ ಇಂಡಿಯನ್ ಎಂಬ ಹೆಸರನ್ನೂ ಪಡೆದರು. ತಾಯಿಯ ಸೋದರ ವಿಕ್ಟರ್ ಪಾಸ್ಕಲ್ ಸಹ ಹೆಸರಾಂತ ಬೌಲರು. ಹೀಗಾಗಿ ಆಟವು ಬಾಲಕನಿಗೆ ಮನೆಯ ಸೊತ್ತಾಗಿಯೇ ಬಂದಿತೆನ್ನಬಹುದು.

ಶಾಲೆಯ ವ್ಯಾಸಂಗ ಮುಗಿದ ಮೇಲೆ ಕಾನ್‌ಸ್ಟಂಟೈನರು ಒಬ್ಬ ವಕೀಲರ ಕಛೇರಿಯಲ್ಲಿ ಗುಮಾಸ್ತರಾದರು. ನ್ಯಾಯಶಾಸ್ತ್ರದಲ್ಲಿ ಅವರಿಗೆ ಆಸ್ಥೆ ಮೂಡಿದುದು ಅಲ್ಲಿಯೇ. ಆದರೆ ಕರಿಯ ಮೇಸ್ತ್ರಿಯ ಮಗನೊಬ್ಬನು ಆ ವೃತ್ತಿಯಲ್ಲಿ ಮೇಲೇರುವ ದಾರಿ ಆ ದ್ವೀಪದಲ್ಲಿ ಬಹಳ ಇಕ್ಕಟ್ಟಾಗಿದ್ದಿತು. ಒಳ್ಳೆಯ ಹುದ್ದೆಗಳು ಬಿಳಿಯರಿಗೆ, ಅವುಗಳ ಕೆಳಗಿನವು ತಿಳಿ ಮೈಬಣ್ಣದವರಿಗೆ ಎಂಬ ಅಲಿಖಿತ ನಿಯಮವೊಂದು ಎಲ್ಲೆಲ್ಲಿಯೂ ನಡೆಯುತ್ತಿದ್ದಿತು. ಕ್ರಿಕೆಟ್ಟಿನಲ್ಲಿಯೂ ಅದೇ ಕ್ರಮ. ತಂಡದಲ್ಲಿ ಎಷ್ಟೇ ಶ್ರೇಷ್ಠ ಕರಿಯ ಆಟಗಾರರಿದ್ದರೂ ನಾಯಕತ್ವವು ಬಿಳಿಯನಿಗೇ ಮೀಸಲು. ೧೯೩೫ರಲ್ಲಿ ಕಿಂಗ್‌ಸ್ಟನ್ ನಗರದ ಟೆಸ್ಟ್ ಪಂದ್ಯದಲ್ಲಿ ನಾಯಕನ ಕಾಲು ನೊಂದು ಆತನು ಮೈದಾನವನ್ನು ಬಿಟ್ಟಾಗ ಕಾನ್‌ಸ್ಟಂಟೈನರು ತಂಡವನ್ನು ನಡೆಸಿದರು. ಆ ಪಂದ್ಯವೂ ಸರಣಿಯೂ ವೆಸ್ಟ್ ಇಂಡೀಸಿನ ಪಾಲಾದುವು. ಅಷ್ಟಾದರೂ ಇಡೀ ಸರಣಿಗೆ ಕರಿಯ ನಾಯಕನೊಬ್ಬನು ನೇಮಕಗೊಳ್ಳಲು ಫ್ರಾಂಕ್ ವೊರೆಲ್ಲರ ಕಾಲದವರೆಗೆ, ಎಂದರೆ ೧೯೬೦ರವರೆಗೆ, ಕಾಯಬೇಕಾಯಿತು.

ಅವರ ಆಟದ ವಿವರಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ೧೯೨೮ರ ಜೂನ್ ತಿಂಗಳಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮಿಡ್ಲ್‌ಸೆಕ್ಸ್ ತಂಡದ ವಿರುದ್ಧ ಅವರು ಮೊದಲು ೮೬ ಓಟಗಳನ್ನು ಗಳಿಸಿ, ಅನಂತರ ೫೭ ಓಟಗಳಿಗೆ ಏಳು ಮಂದಿಯನ್ನು ಉರುಳಿಸಿ, ಕೊನೆಗೆ ಒಂದು ಗಂಟೆಯೊಳಗಾಗಿ ೧೦೩ ಓಟಗಳನ್ನು ಬಾರಿಸಿ, ಸೋಲುತ್ತಿದ್ದ ಪಂದ್ಯವನ್ನು ಗೆದ್ದುಕೊಟ್ಟರು. ಆ ಒಂದು ಪಂದ್ಯವು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಲ್ಯಾಂಕಾಶೈರ್ ಸೀಮೆಯಲ್ಲಿ, ನೆಲ್ಸನ್ ಎಂಬ ಹತ್ತಿಗಿರಣಿಗಳ ಪಟ್ಟಣವಿದೆ. ಅಲ್ಲಿನ ಕ್ರಿಕೆಟ್ ಸಂಘದವರು ಅವರನ್ನು ವೇತನದ ಆಟಗಾರರನ್ನಾಗಿ ಕರೆಸಿಕೊಂಡರು. ೧೯೨೯ರಿಂದ ೧೯೩೭ರವರೆಗಿನ ಒಂಬತ್ತು ಋತುಗಳಲ್ಲಿ ನೆಲ್ಸನ್ ತಂಡವು ಏಳು ಬಾರಿ ಲ್ಯಾಂಕಾಶೈರ್ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಶನಿವಾರ ಮಧ್ಯಾಹ್ನ ಗಿರಣಿಗಳ ಕೆಲಸ ನಿಂತೊಡನೆ ಕಾರ್ಮಿಕರು ಸಂಸಾರ ಸಮೇತರಾಗಿ ಮೈದಾನಕ್ಕೆ ಬರುತ್ತಿದ್ದರು. ಅವರೆಲ್ಲರೂ ನೋಡಬಯಸುತ್ತಿದ್ದುದು ಕಾನ್‌ಸ್ಟಂಟೈನರನ್ನೇ.

ಮೊದಮೊದಲು ಆ ಊರಿನ ಬದುಕು ಸುಲಭವಾಗಿರಲಿಲ್ಲ. ಕರಿಯ ಮನುಷ್ಯರನ್ನು ಕಂಡರಿಯದ ಮಕ್ಕಳು ಅವರ ಮನೆಯ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ಹೆಸರಿಲ್ಲದ ಬೈಗುಳದ ಪತ್ರಗಳೂ ಬಂದುವು. ಒಂದು ಋತುವಿನ ಬಳಿಕ ಹಿಂದಿರುಗಿಬಿಡುವ ವಿಚಾರವನ್ನು ಅವರು ಮಾಡಿದ್ದುಂಟು. ಪತ್ನಿ ನಾರ್ಮಾ ಧೈರ್ಯ ಹೇಳಿ ಅವರನ್ನು ಅಲ್ಲಿಯೇ ನಿಲ್ಲಿಸಿದರು. ಪುರುಷರ ಚರಿತ್ರೆಗಳನ್ನು ಬರೆಯುವಾಗ ಇಂತಹ ಮಹಿಳೆಯರಿಗೆ ಒಂದು ವಾಕ್ಯವನ್ನು ಕೊಟ್ಟು ಮುಂದೆ ಸಾಗುವುದು ರೂಢಿಯಾಗಿಬಿಟ್ಟಿದೆ. ಆದರೆ ನಾರ್ಮಾ ಆ ದಿನ ಬೇರೆ ಮಾತನ್ನಾಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ದಂಪತಿಗಳು ಮಗಳು ಗ್ಲೋರಿಯಾಳೊಡನೆ ಇಪ್ಪತ್ತು ವರ್ಷಗಳ ಕಾಲ ಆ ಪಟ್ಟಣದಲ್ಲಿ ನೆಲೆಸಿ, ಅಲ್ಲಿಯವರೇ ಆಗಿಹೋದರು. ೧೯೩೨ರಲ್ಲಿ ಟ್ರಿನಿಡಾಡಿನ ಲೇಖಕ ಸಿ. ಎಲ್. ಆರ್. ಜೇಮ್ಸ್ ಅವರ ಮನೆಗೆ ಬಂದು ಇಳಿದುಕೊಂಡರು. ಜೇಮ್ಸರು ಬರೆದ, ವೆಸ್ಟ್ ಇಂಡೀಸಿನ ಸ್ವಯಮಾಡಳಿತದ ಹಕ್ಕನ್ನು ಪ್ರತಿಪಾದಿಸುವ ಕೃತಿಯು ಅಚ್ಚಾಗಲು ಕಾನ್‌ಸ್ಟಂಟೈನರೇ ಹಣದ ನೆರವನ್ನಿತ್ತರು. ವಸಾಹತಿನ ಜನರ ಹಕ್ಕುಗಳನ್ನು ಕುರಿತು ಇಬ್ಬರೂ ನಡೆಸಿದ ಚರ್ಚೆಗಳು ಆಟಗಾರನಲ್ಲಿದ್ದ ಚಿಂತಕನನ್ನು ಎಚ್ಚರಿಸಿದುವು.

ಈ ನಡುವೆ, ೧೯೩೪ರ ಕೊನೆಯಲ್ಲಿ, ಅವರು ಭಾರತಕ್ಕೂ ಬಂದು ಸಿಕಂದರಾಬಾದಿನಲ್ಲಿ ನಡೆದ ಮೊಯಿನ್-ಉದ್-ದೌಲಾ ಚಿನ್ನದ ಬಟ್ಟಲಿನ ಪಂದ್ಯಗಳಲ್ಲಿ ಆಡಿದರು. ಅಂದು ನಮ್ಮ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಆ ನಿಜಾಮ ಸಂಸ್ಥಾನದಲ್ಲಿಯೇ ಇದ್ದುವು.

ಎರಡನೆಯ ಮಹಾಯುದ್ಧವು ಆರಂಭವಾದಾಗ ಕಾನ್‌ಸ್ಟಂಟೈನರಿಗೆ ಮೂವತ್ತೆಂಟರ ಹತ್ತಿರದ ವಯಸ್ಸು. ಟೆಸ್ಟ್ ಪಂದ್ಯಗಳ ಕಾಲ ಅಲ್ಲಿಗೆ ಮುಗಿಯಿತು. ಮದ್ದುಗುಂಡುಗಳ ಕಾರ್ಖಾನೆಗಳಲ್ಲಿ ದುಡಿಯಲು ವೆಸ್ಟ್ ಇಂಡೀಸಿನಿಂದ ತರುಣ ಕುಶಲಕರ್ಮಿಗಳನ್ನು ಬ್ರಿಟಿಷ್ ಸರಕಾರ ಕರೆಸಿಕೊಂಡಿತು. ಅವರ ಯೋಗಕ್ಷೇಮವನ್ನು ನೋಡಿಕೊಳ್ಳುವ ಅಧಿಕಾರಿಯನ್ನಾಗಿ ಕಾರ್ಮಿಕ ಇಲಾಖೆಯು ಇವರನ್ನು ನಿಯಮಿಸಿತು. ಲಿವರ್‌ಪೂಲ್ ನಗರವು ಅವರ ಕಾರ್ಯಕ್ಷೇತ್ರವಾಯಿತು. ಕಾರ್ಖಾನೆಯಲ್ಲಿ ಕೆಲಸ ಕೊಡಿಸುವುದು, ತಂಗಲು ಕೋಣೆ ಹುಡುಕುವುದು, ನೃತ್ಯಶಾಲೆಯ ಬಾಗಿಲಲ್ಲಿ ತಡೆಯಲ್ಪಟ್ಟವರ ಪರವಾಗಿ ಮಾತನಾಡುವುದು, ಕಾರ್ಮಿಕ ಸಂಘದವರೊಡನೆ ಸಂಧಾನ ನಡೆಸುವುದು ಅವರ ನಿತ್ಯದ ಕೆಲಸ. ತಾವು ಹೋದಲ್ಲೆಲ್ಲ ಜನರು ಕೈಕುಲುಕುತ್ತಿದ್ದರು. ತಾವು ಕರೆದುಕೊಂಡು ಹೋದ ಹುಡುಗನಿಗೆ ಮಾತ್ರ ಕೋಣೆ ಸಿಗುತ್ತಿರಲಿಲ್ಲ. ಇದು ಅವರಿಗೆ ದಿನನಿತ್ಯದ ಪಾಠವಾಯಿತು.

ಅಂತಹ ಕಾಲದಲ್ಲಿ, ೧೯೪೩ನೆಯ ಇಸವಿ ಜುಲೈ ೩೦ರಂದು, ಅವರ ಹೆಸರನ್ನು ಕಾನೂನಿನ ಗ್ರಂಥಗಳಲ್ಲಿ ಶಾಶ್ವತವಾಗಿ ನಿಲ್ಲಿಸಿದ ಘಟನೆ ನಡೆಯಿತು. ಲಾರ್ಡ್ಸ್ ಮೈದಾನದ ಪಂದ್ಯವೊಂದರಲ್ಲಿ ವೆಸ್ಟ್ ಇಂಡೀಸ್ ತಂಡವನ್ನು ನಡೆಸುವ ಸಲುವಾಗಿ ಅವರು ಹೆಂಡತಿ ಮತ್ತು ಮಗಳೊಡನೆ ಲಂಡನ್ನಿಗೆ ಬಂದರು. ರಸೆಲ್ ಚೌಕದ ಇಂಪೀರಿಯಲ್ ಹೋಟೆಲಿನಲ್ಲಿ ನಾಲ್ಕು ರಾತ್ರಿಗಳಿಗೆ ಕೋಣೆಗಳನ್ನು ಮೊದಲೇ ಗೊತ್ತುಮಾಡಿ, ಎರಡು ಪೌಂಡು ಮುಂಗಡವನ್ನೂ ಸಲ್ಲಿಸಿದ್ದರು. ತಮ್ಮ ಮೈಬಣ್ಣದಿಂದ ಯಾವ ತೊಡಕೂ ಆಗದೆಂಬ ಭರವಸೆಯನ್ನು ಮುಂಚಿತವಾಗಿಯೇ ಪಡೆದುಕೊಂಡಿದ್ದರು. ಹೀಗೆ ಕೇಳಿಕೊಳ್ಳಬೇಕಾದ ಸ್ಥಿತಿ ಎಂತಹುದೆಂಬುದನ್ನು ವಾಚಕರೇ ಊಹಿಸಬಹುದು. ಅವರು ಬಂದಿಳಿದಾಗ, ಒಂದು ರಾತ್ರಿ ಮಾತ್ರ ಇರಬಹುದು, ಬೆಳಗಾದೊಡನೆ ಹೊರಡತಕ್ಕದ್ದೆಂದು ತಿಳಿಸಲಾಯಿತು. ಹೋಟೆಲಿನಲ್ಲಿ ಅಮೆರಿಕದ ಬಿಳಿಯ ಅತಿಥಿಗಳಿರುವುದರಿಂದ ಕರಿಯರನ್ನು ಇರಿಸಿಕೊಳ್ಳಲಾಗದೆಂಬುದು ಕಾರಣ. ಅಲ್ಲಿನ ವ್ಯವಸ್ಥಾಪಕಿಯು ಕರಿಯರನ್ನು ಹಳಿಯುವ ಹೀನಪದವನ್ನು ಬಳಸಿದಳು. ಜೊತೆಗಿದ್ದ ಇಲಾಖೆಯ ಮೇಲಧಿಕಾರಿಯು, ಇವರು ಬ್ರಿಟಿಷ್ ಪ್ರಜೆಯೆಂದೂ ಸರಕಾರದ ಅಧಿಕಾರಿಯೆಂದೂ ಹೇಳಿ ನೋಡಿದರು, ಫಲವಾಗಲಿಲ್ಲ. ಹೆಂಡತಿ ಮಕ್ಕಳ ಮುಂದೆ ಜಗಳ ಬೇಡವೆಂದು ಅವರೆಲ್ಲರೂ ಅದೇ ಒಡೆಯರಿಗೆ ಸೇರಿದ್ದ ಬೆಡ್‌ಫರ್ಡ್ ಹೋಟೆಲಿಗೆ ಹೋಗಿ ತಂಗಿದರು. ಮೈದಾನದಲ್ಲಿ ಸಾವಿರಾರು ಜನರು ಕರತಾಡನ ಮಾಡುವ ತಂಡದ ನಾಯಕನಿಗೆ ಆ ಊರಿನ ಹೋಟೆಲಿನಲ್ಲಿ ಮಲಗಲು ಎಡೆಯಿರಲಿಲ್ಲ.

ಇಂತಹ ಅಪಮಾನವನ್ನು ನುಂಗಿಕೊಂಡವರು ಅಂದಿನ ಇಂಗ್ಲೆಂಡಿನಲ್ಲಿ ಎಷ್ಟೋ ಜನ. ಕಾನ್‌ಸ್ಟಂಟೈನರು ನುಂಗಿಕೊಳ್ಳಲಿಲ್ಲ. ಹೋಟೆಲಿನ ಕಂಪನಿಯ ಮೇಲೆ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಖ್ಯಾತ ನ್ಯಾಯವಾದಿ ಸರ್ ಪ್ಯಾಟ್ರಿಕ್ ಹೇಸ್ಟಿಂಗ್ಸ್ ಹಾಗೂ ಅವರಿಗೆ ಸಹಾಯಕರಾಗಿ ತರುಣಿ ರೋಸ್ ಹೈಲ್‌ಬ್ರನ್ ಅವರ ಪರವಾಗಿ ವಾದಿಸಿದರು. ಈಗ ಒಂದು ಪ್ರಶ್ನೆ ಎದ್ದಿತು. ಯಾವ ಕಾನೂನಿನ ಮೇರೆಗೆ ದಾವೆ? ಬಣ್ಣವನ್ನು ನೋಡಿ ಭೇದವೆಣಿಸಬಾರದೆಂಬ ಶಾಸನವು ಬ್ರಿಟನ್ನಿನಲ್ಲಿ ಇರಲೇ ಇಲ್ಲ. ಅಂಗಡಿಯವನು ಸರಕನ್ನು ಮಾರದಿರಬಹುದು, ಮನೆಯ ಮಾಲಿಕನು ಬಾಡಿಗೆಗೆ ಕೊಡದಿರಬಹುದು, ಧಣಿಯು ಕೆಲಸ ಕೊಡದಿರಬಹುದು; ಬಣ್ಣವೇ ಕಾರಣವೆಂದು ಮುಖಕ್ಕೆ ಹೇಳಿದರೂ ಕೇಳುವವರಿಲ್ಲ. ಆದರೆ ಆ ದೇಶದ ರೂಢಿಯ ಕಾನೂನಿನಲ್ಲಿ ಬಹು ಪುರಾತನವಾದ ಒಂದು ನಿಯಮವಿದ್ದಿತು. ದಾರಿಹೋಕರು ಕಳ್ಳಕಾಕರ ಭಯದಲ್ಲಿ ಸಂಚರಿಸುತ್ತಿದ್ದ ಕಾಲದಲ್ಲಿ, ಹೆದ್ದಾರಿಯ ಪಾಂಥಶಾಲೆಯವನು ಬಾಗಿಲಿಗೆ ಬಂದ ಪಥಿಕನನ್ನು ಹೊರಗಟ್ಟಬಾರದೆಂಬ ಕಟ್ಟಳೆ ಬೆಳೆದುಬಂದಿದ್ದಿತು. ಪಥಿಕನು ಸಭ್ಯನಾಗಿರಬೇಕು, ಹಣ ತೆರಬೇಕು, ಕೋಣೆ ಖಾಲಿ ಇರಬೇಕು. ಈ ಮೂರಿದ್ದರೆ ಆತನಿಗೆ ಎಡೆ ಕೊಡಲೇಬೇಕು. ಆಧುನಿಕ ಹೋಟೆಲಿನವರೂ ಆ ಕಟ್ಟಳೆಗೆ ಒಳಪಟ್ಟವರೇ. ಬಣ್ಣದ ಮಾತನ್ನೇ ಎತ್ತದ ಈ ಹಳೆಯ ನಿಯಮವೇ ಕಾನ್‌ಸ್ಟಂಟೈನರ ದಾವೆಗೆ ಊರುಗೋಲಾಯಿತು.

ಕಂಪನಿಯವರು, ಬೇರೆ ಹೋಟೆಲಿನಲ್ಲಿ ತಾವೇ ಇಳಿಸಿದ್ದರಿಂದ ವಾದಿಗೆ ನಷ್ಟವೇನೂ ಆಗಿಲ್ಲ, ನಷ್ಟವಿಲ್ಲದೆ ದಾವೆ ನಿಲ್ಲದೆಂದು ವಾದಿಸಿದರು. ನ್ಯಾಯಮೂರ್ತಿ ಬರ್ಕೆಟ್ಟರು ೧೯೪೪ರ ಜೂನ್ ೨೮ರಂದು ತೀರ್ಪನ್ನಿತ್ತರು. ಹೋಟೆಲಿನ ಸಾಕ್ಷಿಗಳಿಗಿಂತ ವಾದಿಯ ಕಡೆಯ ಸಾಕ್ಷ್ಯವೇ ನಂಬತಕ್ಕದ್ದೆಂದು ಅವರು ಎಣಿಸಿದರು. ಕಠಿಣ ಪ್ರಸಂಗದಲ್ಲಿಯೂ ಕಾನ್‌ಸ್ಟಂಟೈನರು ತೋರಿದ ಘನತೆಯನ್ನು ಮೆಚ್ಚಿಕೊಂಡರು. ಹಕ್ಕಿಗೆ ಭಂಗ ಬಂದುದೇ ಸಾಕು, ಹಣದ ನಷ್ಟವನ್ನು ತೋರಿಸಬೇಕಾಗಿಲ್ಲ ಎಂದು ತೀರ್ಮಾನಿಸಿ ದಾವೆಯನ್ನು ಎತ್ತಿಹಿಡಿದರು. ಆದರೆ ಅಪಮಾನದ ನೋವಿಗಾಗಿ ಹೆಚ್ಚಿನ ಪರಿಹಾರವನ್ನು ವಿಧಿಸಲು ಹಿಂದಿನ ತೀರ್ಪುಗಳು ಎಡೆಗೊಡುವುದಿಲ್ಲವೆಂದು ಐದು ಗಿನಿಗಳನ್ನು ಮಾತ್ರ ಕೊಡಿಸಿದರು. ಗಿನಿಯೆಂದರೆ ಇಪ್ಪತ್ತೊಂದು ಷಿಲ್ಲಿಂಗು. ಐದು ಗಿನಿಗಳೆಂದರೆ ಐದು ಪೌಂಡು ಐದು ಷಿಲ್ಲಿಂಗು.

ಈ ತೀರ್ಪನ್ನು ಕೆಲವರು ವರ್ಣಭೇದದ ಮೇಲಿನ ಮಹಾವಿಜಯವೆಂದು ಬಣ್ಣಿಸುವುದುಂಟು. ಗೆಲುವೇನೋ ನಿಜ, ಪತ್ರಿಕೆಗಳು ಬರೆದುವು, ಜನರು ಮರುಗಿದರು. ಆದರೆ ಅದನ್ನು ನಿಧಾನವಾಗಿ ಓದಿದಾಗ ಕಾಣುವುದು ಕಾನೂನಿನ ಬಡತನ. ಗೆದ್ದವನು ಪಥಿಕನೇ ಹೊರತು ಕರಿಯನಲ್ಲ. ಅದೇ ಕಾನ್‌ಸ್ಟಂಟೈನರು ಲಂಡನ್ನಿನಲ್ಲಿ ತಿಂಗಳ ಬಾಡಿಗೆಗೆ ಮನೆಯನ್ನು ಕೇಳಿ ನಿರಾಕರಿಸಲ್ಪಟ್ಟಿದ್ದರೆ ಅವರಿಗೆ ಐದು ಗಿನಿಗಳೂ ದೊರೆಯುತ್ತಿರಲಿಲ್ಲ. ಇಷ್ಟು ಕೀರ್ತಿವಂತರಿಗೆ, ಇಷ್ಟು ದೊಡ್ಡ ನ್ಯಾಯವಾದಿಗಳಿರುವವರಿಗೆ ಇಷ್ಟೇ ದೊರೆತರೆ, ಲಿವರ್‌ಪೂಲಿನ ಕಾರ್ಖಾನೆಯ ಹುಡುಗನ ಪಾಡೇನು? ಆ ಹುಡುಗರನ್ನು ದಿನವೂ ಕಾಣುತ್ತಿದ್ದ ಕಾನ್‌ಸ್ಟಂಟೈನರಿಗೆ ಈ ಸಂಗತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುವರ್ಷ, ೧೯೪೫ರ ಆಗಸ್ಟಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿಯೇ ಇಂಗ್ಲೆಂಡಿನ ಎದುರು ಡೊಮಿನಿಯನ್ ದೇಶಗಳ ತಂಡವು ಆಡಿದಾಗ, ಉಳಿದ ಹತ್ತು ಮಂದಿ ಬಿಳಿಯ ಆಟಗಾರರು ತಾವಾಗಿಯೇ ಇವರನ್ನು ನಾಯಕರನ್ನಾಗಿ ಆರಿಸಿದರು. ತಂಡವು ೪೫ ಓಟಗಳಿಂದ ಗೆದ್ದಿತು. ಅಂತಹ ಪ್ರೀತಿ ಅವರಿಗೆ ಧಾರಾಳವಾಗಿ ದೊರೆಯಿತು. ಅವರು ಕೇಳತೊಡಗಿದುದು ಪ್ರೀತಿಯನ್ನಲ್ಲ, ಕಾನೂನನ್ನು.

ಅದಕ್ಕಾಗಿ ಮೊದಲು ತಾವೇ ಕಾನೂನನ್ನು ಕಲಿಯಲು ಕುಳಿತರು. ನಡುವಯಸ್ಸು ದಾಟಿದ ಮೇಲೆ, ಆಟ, ಬರವಣಿಗೆ, ಆಕಾಶವಾಣಿಯ ಭಾಷಣಗಳ ನಡುವೆ ಮಿಡ್ಲ್ ಟೆಂಪಲಿನ ಪರೀಕ್ಷೆಗಳಿಗೆ ಅಭ್ಯಾಸ ಮಾಡಿದರು. ಹುಡುಗನಾಗಿದ್ದಾಗ ವಕೀಲರ ಕಛೇರಿಯಲ್ಲಿ ಕಂಡ ಕನಸು ಫಲಿಸಿ ಬ್ಯಾರಿಸ್ಟರ್ ಪದವಿಯನ್ನು ಪಡೆದುದು ೧೯೫೪ರಲ್ಲಿ, ಐವತ್ತಮೂರರ ಹತ್ತಿರ ಬಂದಾಗ. ಕಲಿಕೆಗೆ ವಯಸ್ಸು ಮೀರಿತೆನ್ನುವ ಶಿಷ್ಯರಿಗೆ ನಮ್ಮ ಉಪಾಧ್ಯಾಯ ಮಿತ್ರರು ಈ ಸಂಗತಿಯನ್ನು ಹೇಳಬಹುದು. ಅದೇ ವರ್ಷ ಅವರ ‘ಕಲರ್ ಬಾರ್’ ಎಂಬ ಗ್ರಂಥವು ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಕರಿಯರು ಎದುರಿಸುತ್ತಿದ್ದ ಭೇದಭಾವವನ್ನು ಅದರಲ್ಲಿ ಅವರು ಮುಚ್ಚುಮರೆಯಿಲ್ಲದೆ ನಿರೂಪಿಸಿದರು. ನಗುಮೊಗದ ಆಟಗಾರನಿಂದ ಇಂತಹ ಪುಸ್ತಕವನ್ನು ನಿರೀಕ್ಷಿಸದಿದ್ದ ಕೆಲವರು ಮುನಿಸಿಕೊಂಡರು.

ಅಷ್ಟರಲ್ಲಿ ಬ್ರಿಟನ್ನಿನ ಜನಜೀವನವೂ ಮಾರ್ಪಡುತ್ತಿದ್ದಿತು. ೧೯೪೮ರ ಜೂನ್‌ನಲ್ಲಿ ವಿಂಡ್‌ರಷ್ ಎಂಬ ಹಡಗು ವೆಸ್ಟ್ ಇಂಡೀಸಿನ ಜನರನ್ನು ಹೊತ್ತು ಬಂದ ಮೇಲೆ ವಲಸೆ ಹೆಚ್ಚಿತು. ಭಾರತ, ಪಾಕಿಸ್ತಾನಗಳಿಂದಲೂ ಗಿರಣಿ, ಎರಕದ ಕಾರ್ಖಾನೆ, ಆಸ್ಪತ್ರೆಗಳಿಗೆ ಜನರು ಹೋದರು. ಅವರ ದುಡಿಮೆ ಆ ದೇಶಕ್ಕೆ ಬೇಕಾಗಿದ್ದಿತು. ಅವರ ನೆರೆಹೊರೆ ಬೇಡವಾಗಿದ್ದಿತು. ಬಾಡಿಗೆ ಕೋಣೆಗಳ ಕಿಟಕಿಯಲ್ಲಿ ಕರಿಯರಿಗೆ ಇಲ್ಲವೆಂಬ ಚೀಟಿಗಳು ಯಾವ ಅಳುಕೂ ಇಲ್ಲದೆ ತೂಗುತ್ತಿದ್ದುವು. ಕಲ್ಕತ್ತೆಯಲ್ಲಿ ಹುಟ್ಟಿದ ಫೆನ್ನರ್ ಬ್ರಾಕ್‌ವೇ ಎಂಬ ಲೇಬರ್ ಪಕ್ಷದ ಸಂಸತ್ಸದಸ್ಯರು ೧೯೫೬ರಿಂದ ಮೊದಲ್ಗೊಂಡು ಒಂಬತ್ತು ಬಾರಿ ಭೇದಭಾವ ನಿಷೇಧದ ಮಸೂದೆಯನ್ನು ಮಂಡಿಸಿದರು, ಒಂದೂ ಶಾಸನವಾಗಲಿಲ್ಲ. ಮನಸ್ಸನ್ನು ಕಾನೂನಿನಿಂದ ತಿದ್ದಲಾಗದೆಂಬುದು ವಿರೋಧಿಗಳ ವಾದ. ೧೯೫೦ರ ನಮ್ಮ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಜನಾಂಗ, ಜಾತಿ ಮೊದಲಾದ ಕಾರಣಗಳಿಂದ ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಯಾರನ್ನೂ ತಡೆಯಬಾರದೆಂದು ಆಗಲೇ ವಿಧಿಸಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ವಿಧಿಸಿದುದೆಲ್ಲ ನಮ್ಮ ಊರುಗಳಲ್ಲಿ ನಡೆಯಿತೇ ಎಂಬುದು ಬೇರೆಯ ಪ್ರಶ್ನೆ.

ಕಾನ್‌ಸ್ಟಂಟೈನರು ೧೯೫೪ರಲ್ಲಿ ಸ್ವದೇಶಕ್ಕೆ ಮರಳಿ, ೧೯೫೬ರ ಚುನಾವಣೆಯಲ್ಲಿ ಗೆದ್ದು ಎರಿಕ್ ವಿಲಿಯಮ್ಸರ ಮಂತ್ರಿಮಂಡಲದಲ್ಲಿ ಸಚಿವರಾದರು. ೧೯೬೨ರಲ್ಲಿ ಟ್ರಿನಿಡಾಡ್ ಸ್ವತಂತ್ರವಾದಾಗ ಲಂಡನ್ನಿನಲ್ಲಿ ಅದರ ಹೈಕಮಿಷನರಾದರು; ಅದೇ ವರ್ಷ ಸರ್ ಪದವಿಯೂ ದೊರೆಯಿತು. ರಾಯಭಾರಿಯಾದವನು ಆತಿಥೇಯ ದೇಶದ ಒಳಗಿನ ವಿಷಯಗಳಲ್ಲಿ ಬಾಯಿ ಹಾಕಬಾರದೆಂಬುದು ಸಂಪ್ರದಾಯ. ಆ ಸಂಪ್ರದಾಯಕ್ಕೂ ಅವರ ಅಂತಃಸಾಕ್ಷಿಗೂ ೧೯೬೩ರಲ್ಲಿ ಘರ್ಷಣೆಯೊದಗಿತು. ಬ್ರಿಸ್ಟಲ್ ನಗರದ ಬಸ್ ಕಂಪನಿಯಲ್ಲಿ ಕೆಲಸಗಾರರ ಕೊರತೆಯಿದ್ದರೂ ಚಾಲಕರ, ನಿರ್ವಾಹಕರ ಕೆಲಸಕ್ಕೆ ಕರಿಯರನ್ನಾಗಲಿ ಏಷ್ಯದವರನ್ನಾಗಲಿ ತೆಗೆದುಕೊಳ್ಳುತ್ತಿರಲಿಲ್ಲ. ಸಂದರ್ಶನಕ್ಕೆ ಕರೆಸಿದ ತರುಣನೊಬ್ಬನು ವೆಸ್ಟ್ ಇಂಡಿಯನ್ನನೆಂದು ತಿಳಿದೊಡನೆ ಸಂದರ್ಶನವನ್ನೇ ರದ್ದುಮಾಡಿದರು. ಪಾಲ್ ಸ್ಟೀಫನ್‌ಸನ್ ಮೊದಲಾದವರ ಮುಂದಾಳುತನದಲ್ಲಿ ಏಪ್ರಿಲ್ ಕೊನೆಯಲ್ಲಿ ಬಸ್ಸುಗಳ ಬಹಿಷ್ಕಾರ ಆರಂಭವಾಯಿತು. ಕಾನ್‌ಸ್ಟಂಟೈನರು ಕಂಪನಿಯ ನೀತಿಯನ್ನು ಬಹಿರಂಗವಾಗಿ ಖಂಡಿಸಿದರು, ಬ್ರಿಸ್ಟಲ್ಲಿಗೆ ಹೋಗಿ ನಗರದ ಮೇಯರರೊಡನೆ ಮಾತನಾಡಿದರು. ಆಗಸ್ಟ್ ೨೮ರಂದು ಕಂಪನಿಯು ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ಸೆಪ್ಟೆಂಬರಿನಲ್ಲಿ ಮೊದಲು ನೇಮಕಗೊಂಡ ಬಿಳಿಯನಲ್ಲದ ನಿರ್ವಾಹಕನು ಒಬ್ಬ ಸಿಖ್ಖನು. ಆದರೆ ರಾಯಭಾರಿಯ ಈ ನಡತೆಯು ಸ್ವದೇಶದ ಪ್ರಧಾನಿಗೆ ಒಪ್ಪಿಗೆಯಾಗಲಿಲ್ಲ. ಕಾನ್‌ಸ್ಟಂಟೈನರು ೧೯೬೪ರಲ್ಲಿ ಆ ಹುದ್ದೆಯನ್ನು ಬಿಟ್ಟರು. ಹುದ್ದೆಯ ದೃಷ್ಟಿಯಿಂದ ಅವರು ತಪ್ಪಿದರೆನ್ನುವವರು ಇರಬಹುದು. ಬಸ್ಸಿನ ಕೆಲಸವನ್ನು ಬೇಡಿ ಹೋದ ತರುಣನ ದೃಷ್ಟಿಯಿಂದ ನೋಡಿದಾಗ ಹಾಗೆನ್ನಲು ಮನಸ್ಸು ಬಾರದು.

ಕೊನೆಗೂ ೧೯೬೫ರ ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ಜನಾಂಗ ಸಂಬಂಧಗಳ ಶಾಸನವು ಅಂಗೀಕೃತವಾಯಿತು. ಹೋಟೆಲು, ಉಪಾಹಾರಗೃಹ, ಮದ್ಯಶಾಲೆ, ನಾಟಕಶಾಲೆ, ಬಸ್ಸು ರೈಲು ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣ, ಜನಾಂಗ, ಜನಾಂಗೀಯ ಅಥವಾ ರಾಷ್ಟ್ರೀಯ ಮೂಲಗಳ ಕಾರಣದಿಂದ ಭೇದವೆಣಿಸುವುದು ನಿಷಿದ್ಧವಾಯಿತು. ಅದನ್ನು ನೋಡಿಕೊಳ್ಳಲು ೧೯೬೬ರಲ್ಲಿ ಮಾರ್ಕ್ ಬಾನ್‌ಹಮ್ ಕಾರ್ಟರರ ಅಧ್ಯಕ್ಷತೆಯಲ್ಲಿ ಮೂವರ ಮಂಡಲಿಯೊಂದು ರಚಿತವಾಯಿತು. ಅದರಲ್ಲಿ ಕಾನ್‌ಸ್ಟಂಟೈನರು ಒಬ್ಬರು. ಶಾಸನವಾದರೋ ಬಹು ದುರ್ಬಲವಾದುದು. ಕೆಲಸ ಕೊಡುವಲ್ಲಿನ ಭೇದ ಅದರ ಹೊರಗೆ, ಅಂಗಡಿ ಹೊರಗೆ, ಮನೆಯ ವಿಷಯವೂ ಬಹುಮಟ್ಟಿಗೆ ಹೊರಗೆ. ಯಾವ ಹೋಟೆಲಿನ ಬಾಗಿಲನ್ನು ಕಾನ್‌ಸ್ಟಂಟೈನರು ಹಳೆಯ ಕಟ್ಟಳೆಯ ಬಲದಿಂದ ತಟ್ಟಿದ್ದರೋ ಅದನ್ನೇ ಹೊಸ ಶಾಸನವು ಮತ್ತೆ ತೆರೆಯಿತು. ಜನರ ಅನ್ನಕ್ಕೂ ಸೂರಿಗೂ ಸೇರಿದ ಬಾಗಿಲುಗಳು ಮುಚ್ಚಿಯೇ ಇದ್ದುವು. ದೂರು ಬಂದರೆ ಮೊದಲು ಸ್ಥಳೀಯ ಸಮಿತಿಯ ಮೂಲಕ ರಾಜಿಯ ಯತ್ನ; ಅದು ಮುರಿದುಬಿದ್ದರೆ ಮಂಡಲಿಗೆ; ಅಲ್ಲಿಂದ ಅಟಾರ್ನಿ ಜನರಲರಿಗೆ. ನೊಂದವನು ತಾನಾಗಿಯೇ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಬಂದ ದೂರುಗಳಲ್ಲಿ ಹೆಚ್ಚಿನವು ಶಾಸನದ ವ್ಯಾಪ್ತಿಯ ಹೊರಗಿನವೇ ಆಗಿದ್ದುವು. ಆ ಪತ್ರಗಳನ್ನು ಓದಿ, ನಿಮ್ಮ ನೋವು ನಿಜ ಆದರೆ ನಮಗೆ ಅಧಿಕಾರವಿಲ್ಲ ಎಂಬ ಉತ್ತರಕ್ಕೆ ಒಪ್ಪಿಗೆ ನೀಡಬೇಕಾದ ಕೆಲಸ ಸುಲಭವಾಗಿರಲಾರದು.

ಕಾನ್‌ಸ್ಟಂಟೈನರು ಅತಿ ಮೃದುವಾದರು, ಸರಕಾರದ ಗಣ್ಯರೊಡನೆ ಸೇರಿ ತೀಕ್ಷ್ಣತೆಯನ್ನು ಕಳೆದುಕೊಂಡರು ಎಂದು ಅಂದಿನ ತರುಣ ಹೋರಾಟಗಾರರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು; ಅವರ ಸ್ವಭಾವವು ಸಂಧಾನದ ಕಡೆಗೇ ಒಲಿದುದು. ಆದರೆ ಮಂಡಲಿಯು ತನ್ನ ವರದಿಯಲ್ಲಿ ಶಾಸನದ ಕೊರತೆಗಳನ್ನು ಮರೆಮಾಚದೆ ಸರಕಾರದ ಮುಂದಿಟ್ಟಿತು. ೧೯೬೭ರಲ್ಲಿ ಸಂಶೋಧಕರು ಒಂದು ಪರೀಕ್ಷೆಯನ್ನೂ ನಡೆಸಿದರು. ಸಮಾನ ಅರ್ಹತೆಯುಳ್ಳ ಮೂವರು, ಎಂದರೆ ಒಬ್ಬ ಇಂಗ್ಲಿಷನು, ಒಬ್ಬ ಬಿಳಿಯ ವಲಸೆಗಾರ, ಒಬ್ಬ ಕರಿಯ ಅಥವಾ ಏಷ್ಯದ ವಲಸೆಗಾರ, ಒಂದೇ ಕೆಲಸವನ್ನು ಅಥವಾ ಒಂದೇ ಮನೆಯನ್ನು ಕೇಳಿಕೊಂಡು ಒಬ್ಬರಾದ ಮೇಲೊಬ್ಬರು ಹೋಗುವುದು. ಮೂರನೆಯವನಿಗೆ ಮಾತ್ರ ಕೆಲಸ ಭರ್ತಿಯಾಗಿದೆಯೆಂಬ ಉತ್ತರ ಮತ್ತೆ ಮತ್ತೆ ದೊರೆತಾಗ, ಪರಕೀಯತೆಯೇ ಕಾರಣ, ಬಣ್ಣವಲ್ಲ ಎಂಬ ಸಮರ್ಥನೆ ಕುಸಿದುಬಿತ್ತು. ೧೯೬೮ರ ಏಪ್ರಿಲಿನಲ್ಲಿ ಈನಕ್ ಪೊವೆಲರು ಬರ್ಮಿಂಗ್‌ಹಮ್ಮಿನಲ್ಲಿ ವಲಸೆಗಾರರ ಮತ್ತು ಹೊಸ ಮಸೂದೆಯ ವಿರುದ್ಧ ಉಗ್ರವಾದ ಭಾಷಣ ಮಾಡಿದರೂ, ಅದೇ ವರ್ಷ ಅಕ್ಟೋಬರಿನಲ್ಲಿ ಎರಡನೆಯ ಶಾಸನ ಬಂದಿತು. ಕೆಲಸ, ಮನೆ, ಅಂಗಡಿ, ಸೇವೆಗಳೆಲ್ಲ ಅದರೊಳಗೆ ಸೇರಿದುವು. ಚಿಕ್ಕ ಧಣಿಗಳಿಗೆ ಕೆಲವು ವರ್ಷಗಳ ವಿನಾಯಿತಿ ಮೊದಲಾದ ಬಿರುಕುಗಳು ಅದರಲ್ಲಿಯೂ ಉಳಿದುವು.

ನೊಂದವನು ತಾನೇ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕು ದೊರೆತುದು ೧೯೭೬ರ ಮೂರನೆಯ ಶಾಸನದಲ್ಲಿ. ನೋಡುವುದಕ್ಕೆ ಎಲ್ಲರಿಗೂ ಒಂದೇ ಎನ್ನಿಸುವ ನಿಯಮವು ಒಂದು ಸಮುದಾಯವನ್ನು ಮಾತ್ರ ಹೊರಗಿಡುವುದಾದರೆ ಅದೂ ಭೇದವೇ ಎಂಬ ತತ್ತ್ವವನ್ನು ಆ ಶಾಸನ ಸೇರಿಸಿತು. ಅಧ್ಯಾಪಕರು ಗಮನಿಸಬೇಕಾದ ಒಂದು ಮೊಕದ್ದಮೆ ಇದರಡಿಯಲ್ಲಿಯೇ ನಡೆಯಿತು. ಬರ್ಮಿಂಗ್‌ಹಮ್ಮಿನ ಖಾಸಗಿ ಶಾಲೆಯೊಂದು ಪೇಟ ಧರಿಸಿದ ಸಿಖ್ ಬಾಲಕನನ್ನು ಸಮವಸ್ತ್ರದ ನಿಯಮವನ್ನು ಮುಂದೊಡ್ಡಿ ಸೇರಿಸಿಕೊಳ್ಳಲಿಲ್ಲ. ಸಿ‌ಖ್ಖರು ಧರ್ಮಾನುಯಾಯಿಗಳು ಮಾತ್ರವಲ್ಲ, ತಮ್ಮದೇ ಇತಿಹಾಸ ಸಂಸ್ಕೃತಿಗಳುಳ್ಳ ಜನಸಮುದಾಯವೂ ಹೌದು, ಆದುದರಿಂದ ಅವರಿಗೆ ಶಾಸನದ ರಕ್ಷಣೆಯುಂಟೆಂದು ೧೯೮೩ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಈ ಶಾಸನಗಳ ಸಾರವೆಲ್ಲ ಈಗ ೨೦೧೦ರ ಸಮಾನತಾ ಶಾಸನದಲ್ಲಿ ಅಡಕವಾಗಿದೆ.

ಇವುಗಳನ್ನು ಕಾಣಲು ಕಾನ್‌ಸ್ಟಂಟೈನರು ಉಳಿದಿರಲಿಲ್ಲ. ಅವರ ಕೊನೆಯ ವರ್ಷಗಳು ಗೌರವಗಳಿಂದ ತುಂಬಿದ್ದುವು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ೧೯೬೭ರಲ್ಲಿ ಅವರನ್ನು ತಮ್ಮ ರೆಕ್ಟರ್ ಆಗಿ ಚುನಾಯಿಸಿದರು, ೧೯೬೮ರಲ್ಲಿ ಬಿ.ಬಿ.ಸಿ. ಸಂಸ್ಥೆಯ ಗವರ್ನರರಾದರು. ೧೯೬೯ರಲ್ಲಿ ಲಾರ್ಡ್ಸ್ ಸಭೆಯ ಆಜೀವ ಸದಸ್ಯತ್ವ ದೊರೆತಾಗ, ಆ ಸಭೆಯನ್ನು ಪ್ರವೇಶಿಸಿದ ಪ್ರಥಮ ಕರಿಯ ಪುರುಷರಾದರು. ಭಾರತೀಯರಲ್ಲಿ ಆ ಮೊದಲ ಸ್ಥಾನವು ಐವತ್ತು ವರ್ಷ ಹಿಂದೆ, ೧೯೧೯ರಲ್ಲಿ, ಲಾರ್ಡ್ ಸಿನ್ಹಾ ಅವರಿಗೆ ಸಂದಿದ್ದಿತು. ಬಿರುದಿನೊಡನೆ ಊರಿನ ಹೆಸರನ್ನು ಸೇರಿಸುವ ಪದ್ಧತಿಯಂತೆ ಕಾನ್‌ಸ್ಟಂಟೈನರು ಎರಡು ಊರುಗಳನ್ನು ಆರಿಸಿಕೊಂಡರು. ಒಂದು ಟ್ರಿನಿಡಾಡಿನ ಮರಾವಲ್, ಮತ್ತೊಂದು ಲ್ಯಾಂಕಾಶೈರಿನ ನೆಲ್ಸನ್. ಆದರೆ ಆರೋಗ್ಯವು ಆಗಲೇ ಕೆಟ್ಟಿದ್ದಿತು. ಸಭೆಯಲ್ಲಿ ಅವರು ಭಾಷಣ ಮಾಡಿದುದು ಒಂದೇ ಬಾರಿ.

೧೯೭೧ನೆಯ ಇಸವಿ ಜುಲೈ ೧ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಅವರು ನಿಧನ ಹೊಂದಿದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಟ್ರಿನಿಡಾಡಿಗೆ ಒಯ್ದು, ಸರಕಾರೀ ಮರ್ಯಾದೆಗಳೊಡನೆ ಅರೂಕಾ ಎಂಬಲ್ಲಿ ಸಮಾಧಿ ಮಾಡಲಾಯಿತು. ಆಗ ಆ ದೇಶದ ಅತ್ಯುನ್ನತ ಗೌರವವಾಗಿದ್ದ ಟ್ರಿನಿಟಿ ಕ್ರಾಸ್ ಪದಕವನ್ನು ಮರಣಾನಂತರ ಅವರಿಗೆ ನೀಡಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅದೇ ತಿಂಗಳು ಸ್ಮರಣೆಯ ಪ್ರಾರ್ಥನೆ ನಡೆಯಿತು. ನೆಲ್ಸನ್ ಪಟ್ಟಣದಲ್ಲಿ ಅವರು ವಾಸವಾಗಿದ್ದ ಮೆರೆಡಿತ್ ಬೀದಿಯ ಮನೆಯ ಗೋಡೆಯ ಮೇಲೆ ಈಗ ಅವರ ಹೆಸರಿನ ಫಲಕವಿದೆ. ನಾರ್ಮಾ ಗಂಡನು ತೀರಿದ ಎರಡು ತಿಂಗಳಿಗೆ ತಾವೂ ತೀರಿಕೊಂಡರು.